ದೋಣಿಮನೆ ಅಜ್ಜಿ ಹೇಳಿದ ದಾರಿ

ಪಟ್ಟಣದ ಅರ್ಧ ಜನಕ್ಕೆ ಕಾರು ಓಡಿಸುವುದನ್ನು ಕಲಿಸಿದವರು ಮೇಷ್ಟ್ರು. ಬೇಕರಿಯವನು, ಕೋರ್ಟಿನ ಗುಮಾಸ್ತೆ, ಹಲ್ಲಿನ ಡಾಕ್ಟರು, ಹೀಗೆ ಇಪ್ಪತ್ತೆರಡು ವರ್ಷದಲ್ಲಿ ಯಾರು ಯಾರೋ ಅವರ ಪಕ್ಕದಲ್ಲಿ ಕೂತು ಬೆವತಿದ್ದರು. ಕಲಿಸದೇ ಬಿಟ್ಟದ್ದು ಒಬ್ಬಳಿಗೆ ಮಾತ್ರ, ಸ್ವಂತ ಹೆಂಡತಿಗೆ. ಮದುವೆಯಾದ ವರ್ಷ ಒಂದು ದಿನ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಕಾಲು ಗಂಟೆಯಲ್ಲಿ ಅವಳು ಇಳಿದು, ಬಾಗಿಲು ಧಡ್ ಎಂದು ಹಾಕಿ, ನಡೆದುಕೊಂಡೇ ಮನೆಗೆ ಬಂದಿದ್ದಳು. "ಹೆಂಡತಿಗೆ ಡ್ರೈವಿಂಗ್ ಹೇಳಿಕೊಡೋದೂ ಬೆಕ್ಕಿಗೆ ಸ್ನಾನ ಮಾಡಿಸೋದೂ ಒಂದೇ," ಎಂದು ಮೇಷ್ಟ್ರು ಆಮೇಲೆ ಸಿಕ್ಕವರ ಹತ್ತಿರವೆಲ್ಲ ಹೇಳಿಕೊಂಡು ನಗುತ್ತಿದ್ದರು.

ಈ ಬೇಸಿಗೆಯಲ್ಲಿ ಆ ನಗು ನಿಂತುಹೋಯಿತು.

ಮೊದಲನೇ ಸಲ ಆದದ್ದು ಮಾರ್ಕೆಟ್ಟಿನ ಸರ್ಕಲ್ಲಿನಲ್ಲಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿಗೆ ಏಳನೇ ದಿನದ ಪಾಠ. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಗೂ ಒಂದು ಬ್ರೇಕು ಇರುತ್ತದೆ. ಅವರ ಕಾಲು ಎಂದಿನಂತೆ ಅದರ ಮೇಲಿತ್ತು. "ಗೇರ್ ಇಳಿಸಿ" ಎಂದದ್ದು ಅವರಿಗೆ ನೆನಪಿದೆ. ಆಮೇಲೆ ನೋಡಿದರೆ ಕಾರು ಫುಟ್‌ಪಾತಿಗೆ ಮೂತಿ ಒರಗಿಸಿ ನಿಂತಿದೆ, ನೀರಿನ ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿಗೆ ಬಂದಂತೆ ಬಯ್ಯುತ್ತಿದ್ದಾನೆ, ಪಕ್ಕದಲ್ಲಿ ಆ ಹೆಂಗಸು ಬಿಳಚಿಕೊಂಡು, "ಸಾರ್, ಎಷ್ಟು ಸಲ ಕೂಗಿದೆ, ಯಾಕ್ ಸಾರ್ ಮಾತಾಡಲಿಲ್ಲ?" ಎನ್ನುತ್ತಿದ್ದಾಳೆ. ನಡುವಿನದು ಏನೂ ಇಲ್ಲ. ಕತ್ತರಿಯಲ್ಲಿ ಕತ್ತರಿಸಿ ತೆಗೆದ ಹಾಗೆ.

"ನಿಮ್ಮನ್ನ ಪರೀಕ್ಷೆ ಮಾಡಿದೆ ಅಮ್ಮ, ಪಾಸಾದ್ರಿ," ಎಂದರು ಮೇಷ್ಟ್ರು. ಬಾಯಿ ನಗುತ್ತಿತ್ತು, ಅಂಗಾಲು ತಣ್ಣಗಾಗಿತ್ತು.

ಎರಡನೇ ಸಲ ಮನೆಯಲ್ಲೇ ಆಯಿತು. ನಲ್ಲಿ ತಿರುಗಿಸಿ ಬಕೆಟ್ ಮುಂದೆ ನಿಂತಿದ್ದರು. ಎಚ್ಚರವಾದಾಗ ನೀರು ಬಚ್ಚಲು ದಾಟಿ ಹಜಾರಕ್ಕೆ ಬಂದಿತ್ತು. ಮರುದಿನ ಯಾರಿಗೂ ಹೇಳದೆ, ಗುರುತಿನವರು ಸಿಗದ ಬಡಾವಣೆ ಹುಡುಕಿಕೊಂಡು ಹೋಗಿ ನರದ ಡಾಕ್ಟರನ್ನು ಕಂಡರು.

"ಕಣ್ಣು ತೆರೆದೇ ಇರುತ್ತೆ, ಒಳಗೆ ಆಸಾಮಿ ಇರಲ್ಲ," ಎಂದರು ಡಾಕ್ಟರು. "ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಇದೂ ಒಂಥರ ಫಿಟ್ಸೇ. ಮಾತ್ರೆ ಕೊಡ್ತೀನಿ, ನಿಧಾನಕ್ಕೆ ಹಿಡಿತಕ್ಕೆ ಬರುತ್ತೆ. ನಾನು ಹೇಳೋವರೆಗೂ ಸ್ಟೀರಿಂಗ್ ಮುಟ್ಟಬೇಡಿ. ಏನು ಕೆಲಸ ನಿಮ್ದು?"

"ಮೇಷ್ಟ್ರು."

ಯಾವ ಪಾಠದ ಮೇಷ್ಟ್ರು ಎಂದು ಡಾಕ್ಟರು ಕೇಳಲಿಲ್ಲ. ಇವರೂ ಹೇಳಲಿಲ್ಲ.

ಮಾತ್ರೆಯ ಡಬ್ಬಿಯನ್ನು ತಮ್ಮ ಡ್ರೈವಿಂಗ್ ಸ್ಕೂಲಿನ ತರಗತಿ ಕೋಣೆಯಲ್ಲಿ, ರಸ್ತೆ ಚಿಹ್ನೆಗಳ ಹಲಗೆಯ ಹಿಂದೆ ಬಚ್ಚಿಟ್ಟರು. ಕ್ಲಚ್ ಕೆಟ್ಟಿದೆ, ಸಾಮಾನು ಬರಬೇಕು ಎಂದು ಸುಳ್ಳು ಹೇಳಿ, ಕಲಿಯಲು ಬಂದವರಿಗೆ ಗೋಡೆಯ ಮೇಲಿನ ಚಿಹ್ನೆಗಳನ್ನೇ ತಿರುಗಾ ಮುರುಗಾ ಬೋಧಿಸತೊಡಗಿದರು. ಕಾರು ಮನೆ ಮುಂದೆ ಧೂಳು ಹಿಡಿಯುತ್ತಾ ನಿಂತಿತು.

ಮನೆಯೊಳಗಿನ ಸಡಗರವೇ ಬೇರೆ. ಮಗಳ ಕೊನೆಯ ವರ್ಷದ ಶಾಲೆ ಪರೀಕ್ಷೆ ಮುಗಿದ ಮೇಲೆ ಕಾರಿನಲ್ಲಿ ಕೆರೆಗಳ ಸೀಮೆಗೆ ಹೋಗುವುದೆಂದು ಹಿಂದಿನ ವರ್ಷವೇ ಮಾತಾಗಿತ್ತು. ಐದು ಕೆರೆ, ಆರು ದಿನ. ಹೆಂಡತಿ ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ಹೊಲಿಗೆ ಹಾಕುವ ಕೆಲಸದವಳು. ಕತ್ತರಿಸಿ ಉಳಿದ ಕಾಗದದಲ್ಲಿ ಅಂಗೈಯಗಲದ ಒಂದು ಪುಸ್ತಕ ಹೊಲಿದು, ಹಾಳೆಗೊಂದು ದಿನದಂತೆ ಬರೆದುಕೊಳ್ಳುತ್ತಿದ್ದಳು. ಹೋಗಿ ಬಂದಿದ್ದ ಪ್ರೆಸ್ಸಿನ ಗೆಳತಿಯೊಬ್ಬಳು ಎರಡನೇ ಕೆರೆಯ ದಡದಲ್ಲಿ ತಂಗುಮನೆ ನಡೆಸುವ ಮುದುಕಿಯ ನಂಬರು ಕೊಟ್ಟಿದ್ದಳು. ಊರವರೆಲ್ಲ ದೋಣಿಮನೆ ಅಜ್ಜಿ ಎನ್ನುತ್ತಿದ್ದ ಆ ಮುದುಕಿಗೆ ಪ್ರತಿ ಭಾನುವಾರ ಹನ್ನೊಂದಕ್ಕೆ ಫೋನು. ಮೇಜಿನ ಮೇಲೆ ನಕ್ಷೆ, ನಕ್ಷೆಯ ಮೇಲೆ ಫೋನು, ಸುತ್ತ ಮೂವರು.

"ಮೊದಲನೇ ಕೆರೆ ದಾಟೋವರೆಗೂ ರಸ್ತೆ ಬೆಣ್ಣೆ ಇದ್ದಂಗಿದೆ," ಎಂದಿತು ಅಜ್ಜಿಯ ಗಟ್ಟಿ ಗಂಟಲು. "ಕಣ್ಣು ಮುಚ್ಕೊಂಡೇ ಬರಬಹುದು."

ಮೇಷ್ಟ್ರು ಲೋಟ ಕೆಳಗಿಟ್ಟರು.

"ಎರಡನೇ ಕೆರೆಗೂ ಮೂರನೇದಕ್ಕೂ ನಡುವೆ ಏರಿ. ಅದರ ಮೇಲೇ ರಸ್ತೆ. ಒಂದೂವರೆ ಮೈಲಿ. ಈ ಕಡೆ ನೀರು, ಆ ಕಡೆ ನೀರು, ಮಧ್ಯೆ ನೀವು. ತಡೆಗೋಡೆ ಗಿಡೆಗೋಡೆ ಏನಿಲ್ಲ. ಮೂರು ಗಂಟೆ ಮೇಲೆ ಗಾಳಿ ಏಳುತ್ತೆ, ಅಷ್ಟರಲ್ಲಿ ದಾಟಿಬಿಡಿ. ಮೀನಿನ ಲಾರಿ ಎದುರು ಬಂದ್ರೆ ಅವನು ಹಿಂದಕ್ಕೆ ಹೋಗಲ್ಲ, ನೀವೇ ಹೋಗಬೇಕು. ಅಲ್ಲಲ್ಲಿ ಅಗಲ ಮಾಡಿ ಬಿಳಿ ಕಲ್ಲು ನೆಟ್ಟಿದಾರೆ, ಅಲ್ಲಿ ಒತ್ತರಿಸಿಕೊಳ್ಳಿ."

"ಬೇರೆ ದಾರಿ ಇಲ್ವಾ?" ಮೇಷ್ಟ್ರ ದನಿ ಕೀರಲಾಗಿತ್ತು.

"ಇದೆಯಲ್ಲ. ಬೆಟ್ಟ ಹತ್ತಿ ಇಳೀಬೇಕು, ಮೂವತ್ತೆರಡು ತಿರುವು. ಏರೀನೇ ವಾಸಿ. ಓಡಿಸೋರು ಯಾರು, ಕೈ ಪಳಗಿದೆಯಾ?"

ಹೆಂಡತಿ ನಕ್ಕುಬಿಟ್ಟಳು. "ಪಳಗಿದ ಕೈಯಾ ಅಜ್ಜಿ? ಊರಿಗೆಲ್ಲ ಕಲಿಸಿರೋದೇ ಇವರು!"

ಮಗಳು ನಕ್ಷೆಯಿಂದ ತಲೆಯೆತ್ತಿ, "ಅಪ್ಪ, ಪರೀಕ್ಷೆ ನನಗಾ ನಿನಗಾ? ನಿನ್ನ ಮುಖ ನೋಡ್ಕೋ," ಎಂದಳು.

ಮೇಷ್ಟ್ರು ಅಂದಿನಿಂದ ಕಂಡಕಂಡಲ್ಲಿ ಏರಿಯನ್ನೇ ಕಾಣತೊಡಗಿದರು. ಹಲ್ಲುಜ್ಜುವಾಗ, ಮೆಟ್ಟಿಲಿಳಿಯುವಾಗ, ಎರಡು ಕಡೆಯೂ ನೀರು. ಹಿಂದಿನ ಸೀಟಿನಲ್ಲಿ ಮಗಳು ಏನೋ ಹೇಳಿ ನಗುತ್ತಿದ್ದಾಳೆ, ಸ್ಟೀರಿಂಗ್ ಹಿಂದೆ ಕಣ್ಣು ತೆರೆದುಕೊಂಡ ಒಂದು ಖಾಲಿ ಮೈ. ಎಷ್ಟು ಹೊತ್ತು ಬೇಕು ಆ ಅಂಚು ಮುಟ್ಟಲು? ಲೆಕ್ಕ ಹಾಕುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದೇ ತೊಂದರೆ. ಎರಡು ಸೆಕೆಂಡು. ಹೇಳಿಬಿಡೋಣ ಎಂದು ದಿನಕ್ಕೆ ಹತ್ತು ಸಲ ಬಾಯಿ ತೆರೆಯುವರು, "ಏನ್ರೀ?" ಎಂದು ಹೆಂಡತಿ ತಿರುಗುವಳು, "ಏನಿಲ್ಲ, ಉಪ್ಪು ಕೊಡು," ಎನ್ನುವರು. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಸ್ಕೂಲು ಮುಚ್ಚಬೇಕು. ಅದಕ್ಕಿಂತ ಹೆಚ್ಚಾಗಿ, ಈ ಮನೆಯಲ್ಲಿ ಅವರಿಗೆ ಬೇರೆ ಯಾವ ಘನತೆಯೂ ಇದ್ದಂತೆ ಅವರಿಗೇ ತೋರಲಿಲ್ಲ. ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ಗಂಡಸು. ಕಾರು ಒಂದೇ ಗೊತ್ತಿದ್ದದ್ದು.

ಕೊನೆಗೊಂದು ಮಧ್ಯಾಹ್ನ ತರಗತಿ ಕೋಣೆಯ ಬಾಗಿಲು ಹಾಕಿಕೊಂಡು, ತಾವೇ ದೋಣಿಮನೆ ಅಜ್ಜಿಗೆ ಫೋನು ಮಾಡಿದರು.

"ಅಜ್ಜಿ, ಒಂದು ಉಪಕಾರ ಆಗಬೇಕು. ಭಾನುವಾರ ನನ್ನ ಹೆಂಡತಿ ಫೋನ್ ಮಾಡ್ತಾಳಲ್ಲ, ಆಗ ಏರಿ ಕುಸಿದಿದೆ, ರಸ್ತೆ ಮುಚ್ಚಿದಾರೆ ಅಂದುಬಿಡಿ."

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. "ಏರಿಗೇನಾಗಿದೆ? ಈಗ ತಾನೇ ಅದರ ಮೇಲೆ ನಡ್ಕೊಂಡು ಬಂದೆ."

"ಏನೂ ಆಗಿಲ್ಲ. ಸುಮ್ಮನೆ ಹೇಳಿ ಅಂತ."

"ಯಾಕೆ?"

ಮುಖ ಕಾಣದ ಮುದುಕಿ. ಮೇಷ್ಟ್ರ ಬಾಯಿ ತಾನಾಗಿ ತೆರೆಯಿತು. ನೀರಿನ ಲಾರಿ, ಬಕೆಟ್ಟು, ಡಾಕ್ಟರು, ಎಲ್ಲ ಹೇಳಿದರು. ಹೇಳಿ ಮುಗಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಅಜ್ಜಿ ಪಾತ್ರೆ ಪಕ್ಕಕ್ಕಿಟ್ಟ ಸದ್ದಾಯಿತು. "ನೋಡಿ ಸ್ವಾಮಿ, ನನಗೆ ಬೇಜಾರಾಯ್ತು. ಆದ್ರೆ ನನ್ನ ಮಾತು ನಂಬಿ ಜನ ಮಕ್ಕಳು ಮರಿ ಕಟ್ಕೊಂಡು ಆ ಏರಿ ಮೇಲೆ ಗಾಡಿ ಬಿಡ್ತಾರೆ. ಚೆನ್ನಾಗಿರೋ ದಾರೀನ ಇವತ್ತು ಕುಸಿದಿದೆ ಅಂದ್ರೆ, ನಾಳೆ ನಿಜವಾಗಿ ಕುಸಿದಾಗ ಯಾರು ಕೇಳ್ತಾರೆ? ದಾರಿ ವಿಷಯ ನನ್ನ ಕೇಳಿ. ಉಳಿದದ್ದು ನಿಮ್ಮ ಮನೇಲಿ ಹೇಳ್ಕೊಳ್ಳಿ."

"ನೀವು ಅವಳಿಗೆ ಹೇಳಲ್ಲ ತಾನೇ?"

"ನಾನಾಗಿ ಹೇಳಲ್ಲ. ಅವಳು ಕೇಳಿದ್ರೆ ಮುಚ್ಚಿಡೋಳೂ ಅಲ್ಲ. ಭಾನುವಾರಕ್ಕೆ ಇನ್ನೂ ಐದು ದಿನ ಇದೆ."

ಭಯಕ್ಕೆ ಈಗ ಗಡುವು ಬೇರೆ ಸೇರಿಕೊಂಡಿತು. ಮಂಗಳವಾರ ಹೋಯಿತು. ಬುಧವಾರ ಹೋಯಿತು. ಗುರುವಾರ ಬೆಳಿಗ್ಗೆ ಮಗಳ ಗಣಿತದ ಪರೀಕ್ಷೆ, ಬಸ್ಸು ಬರಲಿಲ್ಲ. ನಿಲ್ದಾಣದಿಂದ ಓಡೋಡಿ ವಾಪಸು ಬಂದವಳ ಕಣ್ಣು ತುಂಬಿತ್ತು.

"ಬೇಗ ಬಿಟ್ಟು ಬನ್ರೀ," ಎಂದಳು ಹೆಂಡತಿ, ಪ್ರೆಸ್ಸಿಗೆ ಹೊರಡುತ್ತಾ. "ಎಂಥಾ ಕ್ಲಚ್ಚಾದ್ರೂ ಎರಡು ಮೈಲಿ ಎಳೆಯಲ್ವಾ?"

ಆಗಲ್ಲ ಎನ್ನಬೇಕಿತ್ತು. ಬಾಡಿಗೆ ಆಟೋ ಹಿಡಿಯಬಹುದಿತ್ತು, ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಅದೆಲ್ಲ ಆಮೇಲೆ ಹೊಳೆದದ್ದು. ಆ ಗಳಿಗೆಯಲ್ಲಿ ಹೆಂಡತಿ ನೋಡುತ್ತಿದ್ದಳು, ಮಗಳು ನೋಡುತ್ತಿದ್ದಳು, ಮೇಷ್ಟ್ರ ಕೈ ಬೀಗದ ಕೈ ತೆಗೆದುಕೊಂಡಿತು.

ಆ ಎರಡು ಮೈಲಿ ಅವರು ಸಾಯುವವರೆಗೂ ಮರೆಯುವಂಥದ್ದಲ್ಲ. ರಸ್ತೆಯ ಅಂಚು ಹಿಡಿದು, ಸೈಕಲ್ಲಿನವರೂ ಹಿಂದೆ ಹಾಕಿ ಹೋಗುವ ವೇಗದಲ್ಲಿ ಓಡಿಸಿದರು. ಎಚ್ಚರ ತಪ್ಪುತ್ತಿದೆಯೋ ಎಂದು ತಿಳಿಯಲು ಒಳಗೊಳಗೇ ಎಣಿಸುತ್ತಿದ್ದರು: ಒಂದು, ಎರಡು, ಮೂರು. ಎಣಿಕೆಯಲ್ಲಿ ಒಂದು ಅಂಕಿ ತಪ್ಪಿದರೆ ಜೀವ ಬಾಯಿಗೆ ಬರುತ್ತಿತ್ತು. ತಪ್ಪಿದ್ದು ಗಾಬರಿಗೋ, ಅದಕ್ಕೋ? ಅಡ್ಡದಾರಿಯಲ್ಲಿ ಪುಟ್ಟ ಮಕ್ಕಳ ಸಾಲು ದಾಟುತ್ತಿತ್ತು. ಮೇಷ್ಟ್ರು ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕನ್ನೂ ಎಳೆದು, ಎಂಜಿನ್ನನ್ನೇ ಆರಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತರು.

"ಅಪ್ಪ, ಲೇಟಾಗುತ್ತೆ! ಏನಾಗಿದೆ ನಿನಗೆ?"

"ನೂರಾ ಹನ್ನೆರಡು," ಎಂದರು ಮೇಷ್ಟ್ರು.

ಏನೂ ಆಗಲಿಲ್ಲ. ಗಂಟೆ ಹೊಡೆಯುವ ಮೊದಲೇ ಮಗಳು ಇಳಿದು ಓಡಿದಳು. ಅವಳ ಜಡೆ ಗೇಟಿನೊಳಗೆ ಮರೆಯಾದ ಮೇಲೆ ಮೇಷ್ಟ್ರು ಎಂಜಿನ್ನು ಆರಿಸಿದರು. ಇನ್ನೊಂದು ಗಜವೂ ಓಡಿಸುವುದು ತಮ್ಮಿಂದಾಗದು ಎನಿಸಿತು. ಕಾರನ್ನು ಅಲ್ಲೇ ಗೇಟಿಗೆ ಅಡ್ಡ ಬಿಟ್ಟು, ಇಳಿದು, ನಡೆದುಕೊಂಡು ಹೊರಟುಬಿಟ್ಟರು.

ಆ ಕಾರಿನ ಎರಡೂ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಡ್ರೈವಿಂಗ್ ಸ್ಕೂಲಿನ ಫೋನ್ ನಂಬರು ಬರೆದಿತ್ತು. ಕಲಿಯುವವರ ಹೆಸರು ಬರೆದುಕೊಳ್ಳುತ್ತಿದ್ದವಳು ಹೆಂಡತಿ, ನಂಬರು ಅವಳದೇ. ಗೇಟಿನ ಕಾವಲುಗಾರ ಫೋನು ಮಾಡಿ, "ನಿಮ್ಮ ಗಾಡಿ ತೆಗೆಸ್ರೀ, ಯಾವ ಗಾಡೀನೂ ಒಳಗೆ ಹೋಗಕ್ಕಾಗ್ತಿಲ್ಲ," ಎಂದು ಕೂಗಾಡಿದ. ಅವಳು ಕೈಗೆ ಅಂಟಿದ ಗೋಂದು ಸಹ ತೊಳೆಯದೆ ಪ್ರೆಸ್ಸಿನಿಂದ ಬಂದಳು. ಅಪಘಾತವೇ ಆಗಿದೆ ಎಂದುಕೊಂಡಿದ್ದಳು. ಬಂದು ನೋಡಿದರೆ ಕಾರಿಗೆ ಒಂದು ಗೀರೂ ಇಲ್ಲ, ಬಾಗಿಲು ತೆರೆದಿದೆ, ಗಂಡ ಇಲ್ಲ. ನಾಲ್ಕು ಜನ ಸೇರಿ ಕಾರನ್ನು ಪಕ್ಕಕ್ಕೆ ತಳ್ಳಿದರು. ಅವಳು ಒಳಗೆ ಕೂತು ಕಾದಳು. ಅರ್ಧ ದಾರಿ ಹೋದ ಮೇಲೆ ಕಾರಿನ ನೆನಪಾಗಿ ಮೇಷ್ಟ್ರು ತಿರುಗಿ ಬಂದರು.

"ಹತ್ತಿ," ಎಂದಳು. "ಈಗ ಹೇಳಿ."

ಹೇಳಿದರು. ಅವಳು ಅಳುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ ಎಂದೇನೋ ಅವರ ಮನಸ್ಸಿನ ಮೂಲೆಯಲ್ಲಿತ್ತು. ಅವಳು ಕೇಳಿದ್ದು ಒಂದೇ ಮಾತು.

"ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಅವಳನ್ನ ಕೂರಿಸ್ಕೊಂಡು ಬಂದ್ರಾ?"

ಮೇಷ್ಟ್ರು ತೆರೆದಿದ್ದ ಬಾಗಿಲನ್ನು ಎಳೆದು ಹಾಕಿಕೊಂಡರು.

"ಕ್ಲಚ್ಚು ಅಂದ್ರಲ್ಲ ನನ್ನ ಹತ್ರ," ಎಂದಳು. ಮತ್ತೆ ಮಾತಾಡಲಿಲ್ಲ. ಶುಕ್ರವಾರವೂ ಮಾತಿಲ್ಲ, ಶನಿವಾರವೂ ಇಲ್ಲ. ತಟ್ಟೆ ಬರುತ್ತಿತ್ತು, ಮಾತ್ರೆ ಬರುತ್ತಿತ್ತು. ಡಬ್ಬಿ ಈಗ ಅಡುಗೆಮನೆಯ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತಿತ್ತು. ಮಗಳಿಗೆ ಅವಳೇ ಹೇಳಿದ್ದಳು. ಮಗಳು ಏನೂ ಕೇಳದೆ, ಅಪ್ಪ ನಲ್ಲಿಯ ಹತ್ತಿರ ಹೋದಾಗಲೆಲ್ಲ ಹಿಂದೆ ಬಂದು ನಿಲ್ಲತೊಡಗಿದಳು.

ಭಾನುವಾರ ಹನ್ನೊಂದಕ್ಕೆ ಹೆಂಡತಿ ನಕ್ಷೆ ಬಿಡಿಸಿ ಫೋನು ಇಟ್ಟಳು. ಬರುವುದಿಲ್ಲ ಎಂದು ಹೇಳಲು ಎಂದುಕೊಂಡರು ಮೇಷ್ಟ್ರು.

"ಅಜ್ಜಿ, ಸ್ವಲ್ಪ ತಡ ಆಗುತ್ತೆ ನಾವು ಬರೋದು. ಬೇಸಿಗೆ ಕೊನೆ ವಾರ. ಏರಿ ವಿಷಯ ಇನ್ನೊಂದು ಸಲ ಹೇಳಿ. ಓಡಿಸೋರು ಹೊಸಬರು."

"ಎಷ್ಟು ಹೊಸಬರು?"

"ಇನ್ನೂ ಕಲಿತಿಲ್ಲ."

ಅಜ್ಜಿ ಗಹಗಹಿಸಿ ನಕ್ಕಳು. "ಹಂಗಾದ್ರೆ ಬರ್ಕೋ ತಾಯಿ. ಬೆಳಿಗ್ಗೆ ಲಾರಿಗಳೆಲ್ಲ ಹೋಗಿ ಹತ್ತೂವರೆಗೆ ಏರಿ ಖಾಲಿಯಾಗುತ್ತೆ..."

ಮೇಷ್ಟ್ರು ಮೆಲ್ಲಗೆ, "ನಾನು ಹೇಳಿಕೊಡ್ತೀನಿ," ಎಂದರು.

"ನೀವು ಹೇಳಿಕೊಟ್ರೆ ಇಬ್ಬರಲ್ಲಿ ಒಬ್ಬರು ಉಳಿಯಲ್ಲ," ಎಂದಳು ಹೆಂಡತಿ. ಮೂರು ದಿನದ ಮೇಲೆ ಆಡಿದ ಮೊದಲ ಮಾತು. ಸೋಮವಾರ ಹೋಗಿ ಎದುರು ಬೀದಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅದನ್ನು ನಡೆಸುತ್ತಿದ್ದ ಮೇಡಂ ಮೇಷ್ಟ್ರ ಹತ್ತಿರವೇ ಕಲಿತವಳು; ಮೇಷ್ಟ್ರ ಅರ್ಧಕ್ಕೆ ನಿಂತ ವಿದ್ಯಾರ್ಥಿಗಳೂ ಒಬ್ಬೊಬ್ಬರಾಗಿ ಅಲ್ಲಿಗೇ ಹೋದರು. ಹೆಂಡತಿ ಆ ಬಿಳಿ ಕಾರಿನಲ್ಲಿ ಜರ್ಕು ಹೊಡೆಯುತ್ತಾ ಬೀದಿ ದಾಟುವುದನ್ನು ಮೇಷ್ಟ್ರು ಕಿಟಕಿಯ ಪರದೆ ಸರಿಸಿ ನೋಡುತ್ತಾ, ಇಲ್ಲದ ಬ್ರೇಕನ್ನು ನೆಲದ ಮೇಲೆ ಒತ್ತುತ್ತಿದ್ದರು.

ಲೈಸೆನ್ಸು ಬಂದ ದಿನ ಮೇಷ್ಟ್ರು ಗ್ಯಾರೇಜಿನವನನ್ನು ಕರೆಸಿ, ಕಾರಿನಲ್ಲಿ ತಮ್ಮ ಕಡೆಯ ಬ್ರೇಕು ಬಿಚ್ಚಿಸಿದರು. ಅದಿದ್ದರೆ ಧೈರ್ಯವಲ್ಲವೇ ಎಂದು ಹೆಂಡತಿ ಕೇಳಿದಳು. "ನಾನು ಇಲ್ಲದಿರೋ ಹೊತ್ತಲ್ಲಿ ನನ್ನ ಕಾಲು ಅದನ್ನ ಒತ್ತಿದ್ರೆ?" ಎಂದರು ಮೇಷ್ಟ್ರು. ಮಾತ್ರೆ ಹಿಡಿದಿತ್ತು, ಪೂರ್ತಿ ಹಿಡಿದಿರಲಿಲ್ಲ. ಹಿಂದಿನ ವಾರವೂ ಊಟದ ನಡುವೆ ಒಂದು ಸಲ ಆಗಿತ್ತು.

ಹೊರಟ ಎರಡನೇ ದಿನ, ಹತ್ತೂವರೆಗೆ ಸರಿಯಾಗಿ, ಕಾರು ಏರಿಯ ಬಾಯಿಗೆ ಬಂತು. ಅಜ್ಜಿಯ ಮನೆ ಏರಿಯ ಆ ತುದಿಯಲ್ಲಿ, ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಮುದುಕಿ ಒಂದನ್ನೂ ಬಣ್ಣ ಕಟ್ಟಿ ಹೇಳಿರಲಿಲ್ಲ. ಹಾವಿನ ಬೆನ್ನಿನಂಥ ರಸ್ತೆ, ಎರಡು ಕಡೆಯೂ ಟೈರಿನಿಂದ ಮಾರು ದೂರದಲ್ಲಿ ನೀರು, ಎರಡೂ ಕೆರೆ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಹೆಂಡತಿ ಗೇರು ಇಳಿಸಿ ಏರಿಯ ಮೇಲೆ ಕಾರು ಹತ್ತಿಸಿದಳು. ಮೇಷ್ಟ್ರು ಸೀಟಿನ ಅಂಚು ಹಿಡಿದುಕೊಂಡರು. ಪಾದದ ಕೆಳಗೆ ಬರೀ ರಬ್ಬರು ಹಾಸು. ಮುಕ್ಕಾಲು ಮೈಲಿ ಬಂದಿರಬೇಕು, ಎದುರಿಗೆ ಲಾರಿ ಕಂಡಿತು.

"ಅಮ್ಮ, ಹತ್ತೂವರೆಗೆ ಖಾಲಿ ಅಂದಿದ್ರು!" ಮಗಳು ಚೀರಿದಳು.

"ಇವನಿಗೆ ತಡ ಆಗಿದೆ," ಎಂದಳು ಹೆಂಡತಿ. ಲಾರಿಯವನು ಹಾರ್ನ್ ಹೊಡೆದ, ನಿಂತ, ಕೈಯಾಡಿಸಿದ: ಹಿಂದಕ್ಕೆ ಹೋಗಿ. ಬಿಳಿ ಕಲ್ಲು ಹಿಂದೆಲ್ಲೋ, ಇನ್ನೂರು ಹೆಜ್ಜೆ ದೂರದಲ್ಲಿ ಉಳಿದಿತ್ತು. ಮಗಳು ಇಳಿದು ಕಾರಿನ ಹಿಂದೆ ಹೋಗಿ ನಿಂತಳು. ಹೆಂಡತಿ ರಿವರ್ಸ್ ಗೇರಿಗೆ ಹಾಕಿದಳು, ಗೇರು ಕಿರ್ರೆಂದಿತು.

"ಮೊದಲು ಚಕ್ರ ನೇರ ಮಾಡ್ಕೋ, ಆಮೇಲೆ..."

"ನೀವು ಮಾತಾಡಬೇಡಿ!"

ಕಾರು ಹಿಂದಕ್ಕೆ ಸರಿಯಿತು. ಮೇಷ್ಟ್ರ ಕಡೆಯ ಕಿಟಕಿಯಲ್ಲಿ ರಸ್ತೆ ಸಣ್ಣಗಾಗಿ, ಹುಲ್ಲಾಗಿ, ಹುಲ್ಲೂ ಇಲ್ಲದಂತಾಗಿ, ಬರೀ ನೀರು ಕಂಡಿತು. "ಸಾಕು, ಸಾಕು, ತಿರುಗಿಸು!" ಎಂದು ಮಗಳು ಕೂಗಿದ್ದು ಕೇಳಿಸಿತು. ತಿರುಗಿಸು, ಎಂದು ತಾವೂ ಅನ್ನಬೇಕೆಂದು ಬಾಯಿ ತೆರೆದರು.

ಅಲ್ಲಿಂದ ಮುಂದೆ ಇಲ್ಲ.

ಮತ್ತೆ ಅವರು ಕಂಡದ್ದು, ಮುಖದ ಹತ್ತಿರವೇ ಸರಿದು ಹೋಗುತ್ತಿದ್ದ ಹಸಿರು ಲಾರಿಯ ಮೈ, ತೊಟ್ಟಿಕ್ಕುವ ಐಸಿನ ನೀರು, ಮೀನಿನ ವಾಸನೆ. ಕಾರು ಅಗಲದ ಜಾಗದಲ್ಲಿ, ಕಲ್ಲಿಗೆ ಒತ್ತಿಕೊಂಡು ನಿಂತಿತ್ತು. ಸ್ಟೀರಿಂಗ್ ಮೇಲೆ ಹಣೆಯಿಟ್ಟು ಹೆಂಡತಿ ಏದುಸಿರು ಬಿಡುತ್ತಿದ್ದಳು. ಮಗಳು ಹೊರಗಿನಿಂದ ಕಿಟಕಿ ಬಡಿದು, "ಅಪ್ಪ?" ಎಂದಳು. ಒಂದೇ ನೋಟಕ್ಕೆ ಅವಳಿಗೆ ಗೊತ್ತಾಯಿತು.

"ಅಮ್ಮ, ಅಪ್ಪನಿಗೆ ಆಗಿತ್ತು."

ಹೆಂಡತಿ ತಲೆಯೆತ್ತಿದಳು. "ಯಾವಾಗ?"

"ನೀನು ತಿರುಗಿಸೋವಾಗ," ಎಂದರು ಮೇಷ್ಟ್ರು. ನಾಲಿಗೆ ಇನ್ನೂ ದಪ್ಪವಾಗಿತ್ತು. ಎರಡು ತಿಂಗಳು ಕಣ್ಣ ಮುಂದೆ ಕಟ್ಟಿ ನಿಂತಿದ್ದ ಗಳಿಗೆ ಬಂದು ಹೋಗಿತ್ತು. ಅವರು ಅಲ್ಲಿರಲಿಲ್ಲ, ಕಾರು ನೀರಿಗೆ ಹೋಗಲಿಲ್ಲ. ಅದನ್ನು ಹೇಗೆ ಹೇಳುವುದೋ ತಿಳಿಯದೆ, "ನನಗೇನೂ ಕಾಣಲಿಲ್ಲ ಕಣೇ," ಎಂದರು.

"ಪುಣ್ಯವಂತರು," ಎಂದಳು ಹೆಂಡತಿ. "ನಾನು ಪೂರ್ತಿ ನೋಡಿದೆ." ಹಾಗೆಂದವಳು ಬಾಗಿಲು ತೆಗೆದು, ಇಳಿದು, ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿಕೊಂಡಳು. ಮೇಷ್ಟ್ರು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತರು. ಗೇಟಿನ ಹತ್ತಿರ ಬಾರದಿದ್ದ ಅಳು ಈಗ ಬಂತು ಅವಳಿಗೆ, ಬೈಗುಳದ ಸಮೇತ. ಕ್ಲಚ್ಚಂತೆ ಕ್ಲಚ್ಚು, ಎಂದಳು. ಕಟ್ಟಿಕೊಂಡವಳಿಗಿಂತ ಕಾಣದ ಮುದುಕಿ ಹೆಚ್ಚಾದಳೇ ನಿಮಗೆ, ಎಂದಳು. ಅಜ್ಜಿಗೆ ಮೊದಲು ಹೇಳಿದ್ದೂ ಅವಳಿಗೆ ಗೊತ್ತಿತ್ತೆಂದು ಮೇಷ್ಟ್ರಿಗೆ ತಿಳಿದದ್ದು ಆಗಲೇ; ಯಾವುದೋ ಭಾನುವಾರ ಅವಳೇ ಅಜ್ಜಿಯನ್ನು ಕೇಳಿರಬೇಕು. ಬೈಸಿಕೊಂಡರು. ಬೈಸಿಕೊಳ್ಳುತ್ತಾ ಅವಳ ಬೆನ್ನು ನೀವಿದರು, ಅವಳು ಕೈ ತಳ್ಳಲಿಲ್ಲ.

ಬಾಯಿ ಮುಕ್ಕಳಿಸಿ ಎದ್ದವಳು ಏರಿಯುದ್ದಕ್ಕೂ ಕಣ್ಣು ಹಾಯಿಸಿದಳು. ಖಾಲಿಯಿತ್ತು.

"ಇನ್ನೊಂದು ಬಂದ್ರೆ ಮತ್ತೆ ಇಷ್ಟೇ ದೂರ ರಿವರ್ಸು," ಎಂದಳು. "ನನಗೆ ಕೈ ನಡುಗ್ತಿದೆ."

"ನನಗೂ," ಎಂದರು ಮೇಷ್ಟ್ರು.

"ನಿಮ್ಮ ಕೈ ಯಾರಿಗೆ ಬೇಕು, ಹತ್ತಿ."

ಮಗಳು ಹಿಂದೆ ಕೂತು ಬಾಗಿಲು ಹಾಕಿದಳು. ಎರಡು ಸಲ ಎಂಜಿನ್ ಆಫ್ ಆಯಿತು. ಮೂರನೇ ಸಲ ಕಾರು ಜರ್ಕು ಹೊಡೆದು ಮುಂದಕ್ಕೆ ಹೊರಟಿತು. ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ತುಟಿ ಕಚ್ಚಿ, ಒಂದು ಮಾತೂ ಆಡದೆ, ಎರಡು ಕಡೆಯ ನೀರನ್ನೂ ನೋಡುತ್ತಾ ಕೂತರು.